ಕಣ್ಣಿನ ಲೆಕ್ಕ

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿ, ಅದನ್ನು ‘ಆಕಾಶವಾಣಿ’ ಎಂದು ಕರೆದ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಃಶಾಸ್ತ್ರದ ಪ್ರಾಧ್ಯಾಪಕರು. ಆದ್ದರಿಂದ ನೋಟದ ಶಾಸ್ತ್ರವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ಅನುಚಿತವಾಗಲಾರದು.

ಬೆಳಕೋ ಭಾರವೋ ಎಷ್ಟು ಹೆಚ್ಚಿದರೆ ನಮಗೆ ವ್ಯತ್ಯಾಸ ತಿಳಿಯುತ್ತದೆ? ಇದನ್ನು ಅಳೆಯುವ ವಿದ್ಯೆಗೆ ಜರ್ಮನಿಯ ಫೆಕ್ನರ್ 1860ರಲ್ಲಿ ಗ್ರಂಥರೂಪ ಕೊಟ್ಟರು. ನೋಟದ ಪ್ರಯೋಗಗಳಿಗೆ ಕತ್ತಲ ಕೋಣೆಯೂ ಗದ್ದವನ್ನು ಊರಿ ಕೂರುವ ಆಸರೆಯೂ ಬೇಕಾಗುತ್ತಿದ್ದವು. ಪರದೆಯ ದೂರ ತಿಳಿಯದೆ ಕಣ್ಣಿಗೆ ಬಿದ್ದ ಚಿತ್ರದ ಗಾತ್ರ ತಿಳಿಯದಷ್ಟೆ.

ಈಗ ಪ್ರಯೋಗವೇ ಅಂತರ್ಜಾಲದ ಮೂಲಕ ಮನೆಗೆ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಹೊರಕೆರೆದೇವಪುರದ ನಮ್ಮ ಜಗಲಿಯ ಮೇಲೆ ತಮ್ಮನ ಮಗಳು ಕಂಪ್ಯೂಟರನ್ನು ನನ್ನ ಮುಂದಿಟ್ಟಳು. ಮೊದಲು ಬ್ಯಾಂಕಿನ ಕಾರ್ಡನ್ನು ಪರದೆಗೆ ಹಿಡಿದು ಅಳತೆ ಹೊಂದಿಸಿದಳು; ಕಾರ್ಡಿನ ಅಗಲ ಎಲ್ಲೆಡೆಯೂ 85.6 ಮಿಲಿಮೀಟರ್. “ದೊಡ್ಡಪ್ಪ, ಬಲಗಣ್ಣು ಮುಚ್ಚಿ ಈ ಚೌಕವನ್ನೇ ನೋಡಿ. ಕೆಂಪು ಚುಕ್ಕೆ ಮಾಯವಾದಾಗ ಹೇಳಿ” ಎಂದಳು. ಎಡಕ್ಕೆ ಸರಿಯುತ್ತಿದ್ದ ಚುಕ್ಕೆ ಒಮ್ಮೆಲೇ ಇಲ್ಲವಾಯಿತು. ನರವು ಕಣ್ಣಿನಿಂದ ಹೊರಡುವ ಜಾಗದಲ್ಲಿ ನೋಟವಿಲ್ಲ. ಆ ಅಂಧಬಿಂದುವಿನ ಕೋನ ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ ಆದುದರಿಂದ, ಚುಕ್ಕೆ ಸರಿದ ಅಂತರದಿಂದ ನಾನು ಕುಳಿತ ದೂರವನ್ನು ಯಂತ್ರ ಲೆಕ್ಕ ಹಾಕಿತು. ಕಣ್ಣಿನ ಕೊರತೆಯೇ ಅಳತೆಗೋಲಾಯಿತು.

ಪಕ್ಕದಲ್ಲಿ ಬಿತ್ತನೆಯ ಶೇಂಗಾ ಆರಿಸುತ್ತಿದ್ದ ನೆರೆಮನೆಯ ಅಜ್ಜಿ ಕೇಳಿದರು: “ನನ್ ಕಣ್ಣು ಲೆಕ್ಕಕ್ಕೆ ಬರಲ್ವಾ ಮೇಷ್ಟ್ರೇ?” ಮುಂದಿನ ಸೂಚನೆಗಳೆಲ್ಲ ಇಂಗ್ಲಿಷ್ ಬರಹದಲ್ಲಿದ್ದವು, ಅಜ್ಜಿಗೆ ಕನ್ನಡದ ಓದೂ ಬಾರದು. ನಾನು ಉತ್ತರಿಸಲಾರದೆ ಹೋದೆ.

ಓದು ನೋಟವನ್ನೇ ಬದಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಮತ್ತು ಸಂಗಡಿಗರು ತೆಲುಗು, ಮಲಯಾಳಂ ಓದುಗರ ಮುಂದೆ ಎರಡೂ ಲಿಪಿಗಳ ಅಕ್ಷರಗುಚ್ಛಗಳನ್ನಿಟ್ಟು, ಬೇರೆಯಾದ ಒಂದನ್ನು ಹುಡುಕಿಸಿದರು. ಓದಬಲ್ಲ ಲಿಪಿಯ ಗುಚ್ಛವನ್ನು ಕಣ್ಣು ಬಿಡಿ ಅಕ್ಷರಗಳಾಗಿ ಹೆಚ್ಚು ಸ್ಪಷ್ಟವಾಗಿ ವಿಂಗಡಿಸುತ್ತದೆಂದು 2019ರಲ್ಲಿ ಪ್ರಕಟಿಸಿದರು. ಹೀಗಿರುವಾಗ ಓದುಬಲ್ಲವರ ಕಣ್ಣುಗಳನ್ನು ಮಾತ್ರ ಅಳೆದು ‘ಮನುಷ್ಯನ ನೋಟ’ವೆಂದು ಹೆಸರಿಡುವುದು ಹೇಗೆ ಸರಿ? ರಾಶಿಯ ನಡುವಿನ ಹುಳುಕು ಬೀಜವನ್ನು ಆ ಅಜ್ಜಿ ಒಂದೇ ನೋಟಕ್ಕೆ ತೆಗೆದಿಡುತ್ತಾರೆ. ಬೇರೆಯಾದುದನ್ನು ಹುಡುಕುವ ಪ್ರಯೋಗವೇ ಅಲ್ಲವೇ ಅದು?

ಯಂತ್ರ ಹಳ್ಳಿಯ ಜಗಲಿಗೆ ಬಂದರೆ ಸಾಲದು. ಸೂಚನೆಗಳು ಕನ್ನಡದಲ್ಲಿ, ಕಿವಿಗೆ ಕೇಳುವಂತೆ ಬರಬೇಕು. ಓದು ಬಾರದವರನ್ನೂ ಶ್ರೋತೃಗಳೆಂದು ಮನ್ನಿಸಿದ್ದು ಬಾನುಲಿಯ ಹಿರಿಮೆ. ನೋಟದ ಶಾಸ್ತ್ರವೂ ಅಷ್ಟು ಮಾಡಲಿ.