ಮುಳುಗುವ ದೋಣಿಯ ಒಡಲು

ತಡಸದಿಂದ ಹಾನಗಲ್ಲಿನವರೆಗೆ ಕೆರೆಗಳಿಗೆ ಬರವಿಲ್ಲ. ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು, ತುಂಗಭದ್ರೆಯಲ್ಲಿ ಚರ್ಮ ಹೊದಿಸಿದ ಬಿದಿರಿನ ಹರಿಗೋಲು ಕಂಡವರು ನಮ್ಮಲ್ಲಿ ಅನೇಕರು. ಇವನ್ನೆಲ್ಲ ನೋಡಿ ಬೆಳೆದ ಚುರುಕು ಹುಡುಗನೊಬ್ಬ, ಮುಳುಗಿ ಏಳುವ ದೋಣಿಯನ್ನೂ ಮನೆಯಲ್ಲೇ ಏಕೆ ಮಾಡಬಾರದು ಎಂದರೆ ಏನು ಹೇಳೋಣ? ಒಡಲಿಗೆ ಏನು, ತೇಲಿಸುವುದಕ್ಕೆ ಏನು ಎಂದು ಮೊದಲು ಕೇಳಬೇಕು.

ನೀರು ತನ್ನ ಮೇಲಿರುವ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಒಳಗಿಳಿದ ದೋಣಿಯನ್ನು ಎಲ್ಲ ಕಡೆಯಿಂದಲೂ ಹಿಚುಕುತ್ತದೆ. 10 ಮೀಟರ್ ಇಳಿದರೆ ಸಾಕು, ಅಂಗೈಯಗಲದ ಜಾಗದ ಮೇಲೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಜೋಳದ ಚೀಲದಷ್ಟು ಭಾರ ಹೆಚ್ಚುತ್ತದೆ. ಗಾಳಿ ತುಂಬಿದ ಮೆತ್ತನೆಯ ಚೀಲ ಅಲ್ಲಿ ಅರ್ಧಕ್ಕೆ ಕುಗ್ಗುತ್ತದೆ, ಅದರ ತೇಲಿಸುವ ಬಲವೂ ಅರ್ಧವಾಗುತ್ತದೆ. ಕುಗ್ಗಿದಷ್ಟೂ ಇಳಿಯುವುದು, ಇಳಿದಷ್ಟೂ ಕುಗ್ಗುವುದು! ಥರ್ಮೋಕೋಲ್ ಕೂಡ ಹೆಚ್ಚಿನ ಆಳದಲ್ಲಿ ನಂಬಿಕೆಗೆ ಅರ್ಹವಲ್ಲ.

ಆದುದರಿಂದ ಹಗುರವಾಗಿದ್ದರೆ ಸಾಲದು, ಕುಗ್ಗದೆಯೂ ಇರಬೇಕು. 1960ರ ಜನವರಿ 23ರಂದು ಪಿಕಾರ್ ಮತ್ತು ವಾಲ್ಷ್ ಎಂಬಿಬ್ಬರು ಪೆಸಿಫಿಕ್ ಸಾಗರದಲ್ಲಿ ಸುಮಾರು 11 ಕಿಲೋಮೀಟರ್ ಆಳಕ್ಕೆ ಇಳಿದರಷ್ಟೆ. ಅವರ 'ಟ್ರಿಯೆಸ್ಟ್' ನೌಕೆಯನ್ನು ತೇಲಿಸಿದ್ದು ಪೆಟ್ರೋಲು! ಅದು ನೀರಿಗಿಂತ ಹಗುರ. ಒತ್ತಿದರೂ ಕುಗ್ಗುವುದು ತೀರ ಕಡಿಮೆ. ಈಚೆಗೆ ಅದರ ಸ್ಥಾನಕ್ಕೆ, ಸೂಕ್ಷ್ಮವಾದ ಟೊಳ್ಳು ಗಾಜಿನ ಗುಳ್ಳೆಗಳನ್ನು ರಾಳದಲ್ಲಿ ಹುದುಗಿಸಿದ ಗಟ್ಟಿ ನೊರೆ ಬಂದಿದೆ.

ಇನ್ನು ಒಡಲು. ಗೋಳಾಕಾರ ಉತ್ತಮ, ಅದು ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ನಮ್ಮ ದೇಶದವರು 6000 ಮೀಟರ್ ಆಳಕ್ಕೆಂದು ರೂಪಿಸಿದ 'ಮತ್ಸ್ಯ'ದಲ್ಲಿ ಮೂವರು ಕೂರುವುದು ಟೈಟೇನಿಯಂ ಗೋಳದಲ್ಲಿಯೇ. 2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದ 'ಟೈಟನ್' ನೌಕೆಯ ನಡುಭಾಗ ಇಂಗಾಲದ ಎಳೆಗಳಿಂದ ಮಾಡಿದ ಕೊಳವೆಯಾಗಿತ್ತು. ಅದು ಹಿಂದೆಯೂ ಅಲ್ಲಿಗೆ ಹೋಗಿ ಬಂದಿತ್ತು. ಅಂದು ಮಾತ್ರ ಒಳಕ್ಕೆ ಕುಸಿದು ಐವರೂ ಮಡಿದರು. ಒಮ್ಮೆ ತಡೆದ ಒಡಲು ಮತ್ತೊಮ್ಮೆಯೂ ತಡೆದೀತೆಂಬ ಭರವಸೆಯಿಲ್ಲ.

ಹಾಗಾಗಿ ಮನುಷ್ಯರು ಕೂರುವ ಮುಳುಗುದೋಣಿಯನ್ನು ಮನೆಯಲ್ಲಿ ಮಾಡುವುದು ಸರ್ವಥಾ ಬೇಡ. ಹುಡುಗನ ಕುತೂಹಲಕ್ಕೆ ಒಂದು ಪ್ಲಾಸ್ಟಿಕ್ ಬಾಟಲಿ ಸಾಕು. ತೂತಿಲ್ಲದ ಪೆನ್ನಿನ ಟೋಪಿಯ ಬಾಯಂಚಿಗೆ, ಒಳಗಿನ ಗಾಳಿಯ ದಾರಿ ಮುಚ್ಚದಂತೆ, ತುಸು ಅಂಟುಮಣ್ಣು ಮೆತ್ತಿ, ಅದು ಬಾಯಿ ಕೆಳಗಾಗಿ ತೇಲಿಯೂ ತೇಲದಂತಿರಲಿ. ಅದನ್ನು ನೀರು ತುಂಬಿದ ಬಾಟಲಿಗೆ ಇಳಿಬಿಟ್ಟು ಬಿರಡೆ ಬಿಗಿಯಿರಿ. ಬಾಟಲಿಯನ್ನು ಹಿಚುಕಿದರೆ ಟೋಪಿ ಮುಳುಗುತ್ತದೆ, ಬಿಟ್ಟರೆ ಏಳುತ್ತದೆ. ಒಳಗಿನ ಗಾಳಿ ಕುಗ್ಗುವುದನ್ನು ಅವನು ಕಣ್ಣಾರೆ ಕಾಣಲಿ. ಒಡಲನ್ನು ಆರಿಸುವ ವಿದ್ಯೆಗೆ ಅದೇ ಓಂಕಾರ.