ಮಹಾಪ್ರಬಂಧ: ಬರೆಯುವುದು ಮತ್ತು ಸಲ್ಲಿಸುವುದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಸಭೆಯ ಅಧ್ಯಕ್ಷರೇ, ಸಂಘದ ಪದಾಧಿಕಾರಿಗಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಕಡೆಯಿಂದ ಬಂದಿರುವ ಪಾಲಕರೇ, ಗುರುಹಿರಿಯರೇ, ನನ್ನ ಪ್ರೀತಿಯ ವಿದ್ಯಾರ್ಥಿ ವಿದ್ಯಾರ್ಥಿನಿಯರೇ,

ಈಗ ತಾನೇ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸನ್ಮಾನ ನಡೆಯಿತು. ಅವರನ್ನು ನೋಡಿ ಸಂತೋಷವಾಯಿತು. ಎಂ.ಎ., ಎಂ.ಕಾಂ., ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದವರೂ ಈ ಸಭೆಯಲ್ಲಿದ್ದಾರೆ. ಅವರಿಗಾಗಿ ಮಹಾಪ್ರಬಂಧದ ಬಗ್ಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಒಪ್ಪಿಕೊಂಡದ್ದು ಡಾಕ್ಟರೇಟ್ ಪಡೆದವನು ಎಂಬ ಕಾರಣಕ್ಕಲ್ಲ. ಒಮ್ಮೆ ಅದನ್ನು ಕಳೆದುಕೊಂಡವನು ಎಂಬ ಕಾರಣಕ್ಕೆ.

ಹೌದು, ನನ್ನ ಮೊದಲ ನೋಂದಣಿ ರದ್ದಾಯಿತು. ಆಗ ನಾನು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕ. ನನ್ನ ವಿಷಯ ಇಡೀ ಜಿಲ್ಲೆಯ ಸಾಮಾಜಿಕ ಮತ್ತು ಆರ್ಥಿಕ ಇತಿಹಾಸ. ರಜೆ ಬಂದಾಗಲೆಲ್ಲ ಗ್ರಂಥಾಲಯಗಳಿಗೆ ಹೋಗಿ ಟಿಪ್ಪಣಿ ಮಾಡಿದೆ, ಝೆರಾಕ್ಸ್ ತೆಗೆಸಿದೆ. ಎರಡು ಟ್ರಂಕು ತುಂಬಿದವು. ಅವಧಿ ಮುಗಿಯುವ ಹೊತ್ತಿಗೆ ಟ್ರಂಕುಗಳು ಇದ್ದವು, ಒಂದು ಅಧ್ಯಾಯವೂ ಇರಲಿಲ್ಲ. ನನ್ನ ಮಾರ್ಗದರ್ಶಕರು ಬೈಯಲಿಲ್ಲ. "ಯೂನಿವರ್ಸಿಟಿಗೆ ಟ್ರಂಕು ಸಲ್ಲಿಸಾಕ ಬರೂದಿಲ್ಲಪಾ, ಅಧ್ಯಾಯ ಸಲ್ಲಿಸಬೇಕು" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಎರಡನೆಯ ಸಲ ನೋಂದಾಯಿಸಿ ಮುಗಿಸುವಷ್ಟರಲ್ಲಿ ನನ್ನ ಅಬ್ಬಾ ತೀರಿಹೋಗಿದ್ದರು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ. ನೀವು ಅದನ್ನು ಮಾಡಬಾರದೆಂದು ಹೇಳುತ್ತಿದ್ದೇನೆ.

ಮೊದಲು ವಿಷಯದ ಆಯ್ಕೆ. ನಮ್ಮ ಹುಡುಗರು ದೊಡ್ಡ ವಿಷಯ ತೆಗೆದುಕೊಂಡರೆ ದೊಡ್ಡ ಸಂಶೋಧನೆ ಎಂದು ತಿಳಿಯುತ್ತಾರೆ. ಅದು ಹಾಗಲ್ಲ. ವಿಷಯ ಚಿಕ್ಕದಿರಲಿ, ಪ್ರಶ್ನೆ ಖಚಿತವಾಗಿರಲಿ, ಆಕರಗಳು ಕೈಗೆ ಸಿಗುವಂತಿರಲಿ. ಎರಡನೆಯ ಸಲ ನಾನು ಒಂದೇ ತಾಲ್ಲೂಕಿನ ಉರ್ದು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡೆ. ಹಳೆಯ ದಾಖಲಾತಿ ರಜಿಸ್ಟರುಗಳೇ ನನ್ನ ಆಕರ. ಒಂದು ರಜಿಸ್ಟರಿನಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ 'ಶಾಲೆ ಬಿಟ್ಟ ಕಾರಣ' ಎಂಬ ಕಾಲಮ್ಮಿನಲ್ಲಿ ಪುಟದ ನಂತರ ಪುಟ 'ಗೈರುಹಾಜರಿ' ಎಂದಷ್ಟೇ ಬರೆದಿತ್ತು. ಗೈರುಹಾಜರಿ ಏಕೆ ಎಂದು ಯಾರೂ ಕೇಳಿರಲಿಲ್ಲ. ಅದನ್ನು ಕೇಳುವುದೇ ನನ್ನ ಪ್ರಬಂಧವಾಯಿತು.

ಇಂಥ ಪ್ರಶ್ನೆಗಳು ನಮ್ಮ ನಾಲ್ಕೂ ಕಡೆ ಬಿದ್ದಿವೆ. ಇಂಡಿ ಭಾಗದ ಲಿಂಬೆ ಬೆಳೆ ಮತ್ತು ಅದರ ಮಾರುಕಟ್ಟೆ ಇದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆಲಮಟ್ಟಿಯ ಅಣೆಕಟ್ಟಿನಿಂದ ಊರು ಬಿಟ್ಟವರ ಕಥೆ ಇದೆ. ಹಿಂದಿನ ಮುದ್ದೇಬಿಹಾಳ ತಾಲ್ಲೂಕಿನ ತಾಳಿಕೋಟಿಯ ಹೆಸರು 1565ರ ಯುದ್ಧದಿಂದಾಗಿ ಜಗತ್ತಿನ ಇತಿಹಾಸ ಗ್ರಂಥಗಳಲ್ಲಿದೆ. ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಹೋಗುವ ನಮ್ಮದೇ ಕುಟುಂಬಗಳಿವೆ.

ಮನೆಯೊಳಗೂ ವಿಷಯವಿದೆ. ಅಮೆರಿಕದ ರಿಚರ್ಡ್ ಈಟನ್ ಅವರು ವಿಜಯಪುರದ ಸೂಫಿಗಳ ಮೇಲೆ ಸಂಶೋಧನೆ ಮಾಡಿ 1978ರಲ್ಲಿ ಪುಸ್ತಕ ಪ್ರಕಟಿಸಿದರು. ಹೆಂಗಸರು ಬೀಸುವಾಗ ಹಾಡುತ್ತಿದ್ದ ದಖನಿ 'ಚಕ್ಕಿನಾಮಾ'ಗಳನ್ನು ಅವರು ಇತಿಹಾಸದ ಆಕರವಾಗಿ ಬಳಸಿದರು. ಅದಕ್ಕೂ ಬಹಳ ಮೊದಲು, ಹಿಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ನಮ್ಮ ಹೆಂಗಸರ ಬೀಸುವ, ಕುಟ್ಟುವ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಆ ಬಳಗದಲ್ಲಿ ಧೂಲಾಸಾಹೇಬರೂ ಇದ್ದರು. ಒಂದೇ ಬೀಸುವ ಕಲ್ಲು, ಎರಡು ಭಾಷೆಯ ಹಾಡು. ಕನ್ನಡವನ್ನೂ ದಖನಿಯನ್ನೂ ಮನೆಯಲ್ಲೇ ಕಲಿತ ನಮ್ಮ ಹೆಣ್ಣುಮಕ್ಕಳಿಗಿಂತ ಇದನ್ನು ಚೆನ್ನಾಗಿ ಅಭ್ಯಸಿಸುವವರು ಯಾರು?

ಕಾಗದಪತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ. ವಿಜಯಪುರದ ಅಸರ್ ಮಹಲಿನಲ್ಲಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೋದದ್ದು ಹೋಯಿತು. ಉಳಿದದ್ದು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಗೆದ್ದಲು ತಿನ್ನುತ್ತಿದೆ. ಹಳೆಯ ಕಾಗದ ಸಿಕ್ಕರೆ ಒಯ್ಯಬೇಡಿ. ಮನೆಯವರ ಅನುಮತಿ ಪಡೆದು ಫೋಟೋ ತೆಗೆಯಿರಿ, ಯಾರ ಮನೆ, ಯಾವ ದಿನ ಎಂದು ಬರೆದಿಡಿ, ಕಾಗದವನ್ನು ಇದ್ದಲ್ಲೇ ಇಡಿ.

ಸಂಶೋಧನೆಯ ಶಿಸ್ತು ಕಲಿಯಲು ದೂರ ಹೋಗಬೇಕಾಗಿಲ್ಲ. ಡಾ. ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನ ಮಣ್ಣಿನವರು. ಕವಿರಾಜಮಾರ್ಗದ ಪರಿಸರದ ಸಾಹಿತ್ಯದ ಮೇಲೆ ಮಹಾಪ್ರಬಂಧ ಬರೆದವರು. ಸಂಶೋಧನೆ ಹೇಗೆ ಮಾಡಬೇಕೆಂದು ಕನ್ನಡದಲ್ಲಿ ಶಾಸ್ತ್ರಗ್ರಂಥವನ್ನೇ ಬರೆದರು. ಆದಿಲ್‌ಶಾಹಿ ಕಾಲದ ಪಾರಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಯೋಜನೆಗೂ ದುಡಿದರು. ವಿಜಯಪುರದ ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರದಿಂದ ಆ ಸಂಪುಟಗಳು ಬಂದಿವೆ. 2015ರಲ್ಲಿ ಅವರ ಹತ್ಯೆಯಾಯಿತು. ಅವರ ಪುಸ್ತಕಗಳು ನಮ್ಮ ಕೈಯಲ್ಲಿವೆ, ಓದೋಣ.

ಇನ್ನು ನಿಯಮಗಳು. ಯುಜಿಸಿಯ 2022ರ ನಿಯಮಾವಳಿಯಲ್ಲಿ ಎಂ.ಫಿಲ್. ನಿಂತುಹೋಗಿದೆ. ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಹೆಚ್ಚೆಂದರೆ ಇನ್ನು 2 ವರ್ಷ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರಿಗೆ ಇದಕ್ಕೂ ಮೇಲೆ 2 ವರ್ಷ ಕೊಡಬಹುದು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯ ಅವಕಾಶವೂ ಇದೆ. ಮದುವೆಯಾಯಿತು, ಮಗುವಾಯಿತು, ಪಿಎಚ್.ಡಿ. ಮುಗಿಯಿತು ಎಂದು ಕೈಚೆಲ್ಲುವ ತಂಗಿಯರು ಇದನ್ನು ತಿಳಿದಿರಬೇಕು. ಅವರ ಅತ್ತೆಮಾವಂದಿರೂ ತಿಳಿದಿರಬೇಕು. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. ದೂರದ ನೆಪ ಹೇಳುವ ಕಾಲ ಹೋಯಿತು.

ಹಣದ ಮಾತು. 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತುಹೋಗಿದೆ. ಅದನ್ನು ನಂಬಿ ಕೂಡಬೇಡಿ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆಯಲು ಪ್ರಯತ್ನಿಸಿರಿ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆ ಸಂಶೋಧಕರಿಗೆ ಅರ್ಜಿ ಕರೆದಾಗ ತಪ್ಪಿಸಿಕೊಳ್ಳಬೇಡಿ. ಆದಾಯ ಪ್ರಮಾಣಪತ್ರ ಮೊದಲೇ ಸಿದ್ಧವಿರಲಿ. ಕೊನೆಯ ದಿನ ತಹಸೀಲ್ದಾರ ಕಚೇರಿಯ ಮುಂದೆ ನಿಂತರೆ ಪ್ರಯೋಜನವಿಲ್ಲ.

ಈಗ ಬರವಣಿಗೆ. ಓದು ಪೂರ್ತಿ ಮುಗಿದ ಮೇಲೆ ಬರೆಯುತ್ತೇನೆ ಎನ್ನುವವನು ಬರೆಯುವುದೇ ಇಲ್ಲ. ಮೊದಲ ತಿಂಗಳಿಂದಲೇ ವಾರಕ್ಕೆ ಎರಡು ಪುಟವಾದರೂ ಬರೆಯಿರಿ. ಟಿಪ್ಪಣಿ ಮಾಡುವಾಗ ಲೇಖಕ, ಪುಸ್ತಕ, ಪ್ರಕಾಶಕ, ವರ್ಷ, ಪುಟಸಂಖ್ಯೆ ಅಲ್ಲೇ ಬರೆದುಕೊಳ್ಳಿರಿ. ಒಂದೇ ಒಂದು ಪುಟಸಂಖ್ಯೆಗಾಗಿ ನಾನು ರಾತ್ರಿ ಬಸ್ಸು ಹಿಡಿದು ದೂರದ ಗ್ರಂಥಾಲಯಕ್ಕೆ ಹೋದೆ. ಅಂದು ಅದಕ್ಕೆ ರಜೆ ಇತ್ತು!

ಇನ್ನೊಬ್ಬರ ಮಾತನ್ನು ಅವರ ಹೆಸರು ಹೇಳಿ ಬಳಸಿದರೆ ವಿದ್ವತ್ತು, ಹೇಳದಿದ್ದರೆ ಕಳ್ಳತನ. 2018ರ ಯುಜಿಸಿ ನಿಯಮದಲ್ಲಿ ಇದಕ್ಕೆ ಲೆಕ್ಕವಿದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ದುಡ್ಡು ಕೊಟ್ಟರೆ ಪ್ರಬಂಧ ಬರೆದುಕೊಡುತ್ತೇವೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ. ನಿಮ್ಮ ಪ್ರಬಂಧ ಇಂದು ಕಪಾಟಿನಲ್ಲಿ ಅಡಗಿ ಕೂಡುವುದಿಲ್ಲ. ಇನ್‌ಫ್ಲಿಬ್‌ನೆಟ್ಟಿನ 'ಶೋಧಗಂಗಾ'ದಲ್ಲಿ ಯಾರು ಬೇಕಾದರೂ ತೆರೆದು ಓದುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಸೂಚನೆ. ಮೊದಲ ದಿನದಿಂದಲೇ ಯುನಿಕೋಡಿನಲ್ಲಿ ಟೈಪ್ ಮಾಡಿರಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕೊನೆಗೆ ಪರಿವರ್ತಿಸಲು ಹೋದರೆ ಒತ್ತಕ್ಷರ ಕೆಡುತ್ತವೆ, ತಿದ್ದುವುದರಲ್ಲೇ ವಾರಗಳು ಕಳೆಯುತ್ತವೆ. ಪ್ರತಿ ಅಧ್ಯಾಯದ ಪ್ರತಿಯನ್ನು ಎರಡು ಕಡೆ ಇಡಿ. ಒಂದು ಪೆನ್‌ಡ್ರೈವ್ ನಂಬಿ ಕೆಟ್ಟವರನ್ನು ನಾನು ಕಂಡಿದ್ದೇನೆ.

ಕೊನೆಯದು ಸಲ್ಲಿಕೆ. ಇಲ್ಲಿಯೇ ಬಹಳ ಜನ ಸೋಲುತ್ತಾರೆ. ಸಲಹಾ ಸಮಿತಿಯ ಮುಂದೆ ಮಂಡನೆ, ಹೋಲಿಕೆಯ ವರದಿ, ನಿಮ್ಮ ಘೋಷಣೆ, ಮಾರ್ಗದರ್ಶಕರ ಪ್ರಮಾಣಪತ್ರ, ಶುಲ್ಕದ ರಸೀದಿ, ಗ್ರಂಥಾಲಯದ ಬಾಕಿ ಇಲ್ಲವೆಂಬ ಪತ್ರ ಮುಂತಾಗಿ ಪಟ್ಟಿ ಉದ್ದವಿದೆ. ಒಂದೊಂದು ವಿಶ್ವವಿದ್ಯಾಲಯದ ಪದ್ಧತಿ ಒಂದೊಂದು ರೀತಿ. ಆದ್ದರಿಂದ ನಿಮ್ಮ ವಿಶ್ವವಿದ್ಯಾಲಯದ ನಿಯಮಪುಸ್ತಕವನ್ನೇ ಓದಿರಿ. ಗೆಳೆಯ ಹೇಳಿದ್ದನ್ನು ನಂಬಬೇಡಿ. ಸಲ್ಲಿಸಲು ಕನಿಷ್ಠ ಆರು ತಿಂಗಳು ಪ್ರತ್ಯೇಕವಾಗಿ ಇಟ್ಟುಕೊಳ್ಳಿರಿ. ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ನಮ್ಮಲ್ಲಿ ಒಬ್ಬನ ಹೆಸರೇ ಮೂರು ಕಡೆ ಮೂರು ರೀತಿ ಇರುತ್ತದೆ.

ಸಲ್ಲಿಸಿದ ಮೇಲೆ ಮಾರ್ಗದರ್ಶಕರ ಜೊತೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ಆಮೇಲೆ ಬಹಿರಂಗ ಮೌಖಿಕ ಪರೀಕ್ಷೆ. ಪರೀಕ್ಷಕರು ತಿದ್ದುಪಡಿ ಸೂಚಿಸಿದರೆ ಅವಮಾನವೆಂದು ತಿಳಿಯಬೇಡಿ. ಗೊತ್ತಿಲ್ಲದ ಪ್ರಶ್ನೆ ಬಂದರೆ "ಇದು ನನ್ನ ಅಧ್ಯಯನದ ವ್ಯಾಪ್ತಿಗೆ ಬಂದಿಲ್ಲ ಸರ್" ಎನ್ನಿರಿ. ಪ್ರಾಮಾಣಿಕವಾಗಿ ಹೀಗೆ ಹೇಳಿದವರನ್ನು ಫೇಲು ಮಾಡಿದ್ದನ್ನು ನಾನು ಕಂಡಿಲ್ಲ.

ಪಾಲಕರಲ್ಲಿ ಒಂದು ವಿನಂತಿ. ಮನೆಗೆ ಬಂದ ಮಗನನ್ನು, ಮಗಳನ್ನು "ಇನ್ನೂ ಮುಗೀಲಿಲ್ಲೇನು?" ಎಂದು ಕೇಳಬೇಡಿ. "ಈಗ ಯಾವ ಅಧ್ಯಾಯ?" ಎಂದು ಕೇಳಿರಿ. ಸಂಘದವರಲ್ಲೂ ಒಂದು ವಿನಂತಿ. ಸನ್ಮಾನದ ಶಾಲು, ಹಾರ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ನಾಲ್ಕೂ ಕಡೆ ಒಂದೊಂದು ಕೋಣೆ, ಎರಡು ಮೇಜು, ಒಂದು ಕಂಪ್ಯೂಟರು ಒದಗಿಸಿರಿ. ಸಂಜೆ ಶಾಂತವಾಗಿ ಕುಳಿತು ಬರೆಯಲು ಜಾಗವಿಲ್ಲದ ಮನೆಗಳು ನಮ್ಮಲ್ಲಿ ಬಹಳ. ಹೆಣ್ಣುಮಕ್ಕಳಿಗಂತೂ ಅದು ಇನ್ನೂ ಕಷ್ಟ.

ನನ್ನ ಎರಡು ಟ್ರಂಕುಗಳು ಇಂದಿಗೂ ಅಟ್ಟದ ಮೇಲಿವೆ. ಸಲ್ಲಿಸಿದ ಮಹಾಪ್ರಬಂಧ ತೆಳ್ಳಗಿದೆ, ಅದರಲ್ಲಿ ದೋಷಗಳೂ ಇವೆ. ಆದರೆ ಈಗ ಯಾರೋ ಒಬ್ಬ ಹುಡುಗಿ ಅದನ್ನು ತೆರೆದು, ನಾನು ತಪ್ಪಿದ್ದೆಲ್ಲಿ ಎಂದು ತೋರಿಸಿ, ಮುಂದೆ ಹೋಗಬಹುದು. ಟ್ರಂಕಿನಿಂದ ಅದು ಸಾಧ್ಯವಿಲ್ಲ. ಆದ್ದರಿಂದ ಬರೆಯಿರಿ, ಮುಗಿಸಿರಿ, ಸಲ್ಲಿಸಿರಿ. ಮುಂದಿನ ಸಮಾರಂಭದಲ್ಲಿ ನಿಮ್ಮಲ್ಲೊಬ್ಬರು ಇಲ್ಲಿ ನಿಂತು ಮಾತನಾಡಲಿ, ನಾನು ಕೆಳಗೆ ಕುಳಿತು ಕೇಳುತ್ತೇನೆ.