ಉಳವಿಯ ದಾರಿ, ಮುಂಡಗೋಡಿನ ಪಾಠ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಯುದ್ಧ ಮತ್ತು ಹಿಂಸೆಯಿಂದ ಊರು ಬಿಟ್ಟು ಬಂದವರಿಗೆ ಧರ್ಮ ಏನು ಮಾಡಬಲ್ಲದು ಎಂಬ ವಿಷಯದ ಮೇಲೆ ಮಾತಾಡಲು ಅಪ್ಪಗಳು ಹೇಳಿದ್ದಾರೆ. ಕರಪತ್ರ ನೋಡಿದ ಗೆಳೆಯರೊಬ್ಬರು, "ಅಲ್ರೀ ಸರ, ಯುದ್ಧಕ್ಕೂ ನಮ್ಮ ಶಿವಾನುಭವಕ್ಕೂ ಏನ್ ಸಂಬಂಧ?" ಎಂದು ಕೇಳಿದರು. ನಾನು, "ನಮ್ಮ ಮನೆತನವೇ ನಿರಾಶ್ರಿತರದಲ್ಲವೇ?" ಎಂದೆ. ಅವರು ನಕ್ಕರು. ಆದರೆ ನಾನು ನಗೆಮಾತು ಆಡಿರಲಿಲ್ಲ.

ಕಲ್ಯಾಣವನ್ನು ನೆನಪಿಸಿಕೊಳ್ಳಿ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯಾಯಿತು. ಆ ಹಿರಿಯರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಮುಂದೆ ನಡೆದದ್ದು ಕೊಲೆ, ಕೊಳ್ಳಿ, ಬೆನ್ನಟ್ಟುವಿಕೆ. ಚೆನ್ನಬಸವಣ್ಣ, ಅಕ್ಕ ನಾಗಮ್ಮ, ಮಡಿವಾಳ ಮಾಚಿದೇವ ಮೊದಲಾದವರು ವಚನದ ಕಟ್ಟುಗಳನ್ನು ಹೊತ್ತು ಕಾಡುದಾರಿ ಹಿಡಿದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಕಾದರವಳ್ಳಿಯಲ್ಲಿ ಕಾಳಗವಾಯಿತು, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ಉಳಿದರು, ಚೆನ್ನಬಸವಣ್ಣ ಉಳವಿಯಲ್ಲಿ ಐಕ್ಯರಾದರು. ನಾವು ಪ್ರತಿವರ್ಷ ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುತ್ತೇವೆ. ಆ ದಾರಿ ಮೊದಲು ಜಾತ್ರೆಯ ದಾರಿಯಾಗಿರಲಿಲ್ಲ. ಜೀವ ಉಳಿಸಿಕೊಳ್ಳಲು ಓಡಿದವರ ದಾರಿ ಅದು.

ಆ ದಾರಿಯಲ್ಲಿ ಅವರಿಗೆ ರೊಟ್ಟಿ ಕೊಟ್ಟವರು ಯಾರು? ಬಸುರಿ ಹೆಂಗಸರನ್ನು, ಮುದುಕರನ್ನು ತಮ್ಮ ಗುಡಿಸಲಿನಲ್ಲಿ ಮಲಗಿಸಿಕೊಂಡವರು ಯಾರು? ಅವರ ಹೆಸರು ಯಾವ ಪುರಾಣದಲ್ಲೂ ಇಲ್ಲ. ಆದರೆ ಅವರು ಬಾಗಿಲು ಹಾಕಿಕೊಂಡಿದ್ದರೆ ಇಂದು ವಚನಗಳೂ ಇರುತ್ತಿರಲಿಲ್ಲ, ಈ ಗೋಷ್ಠಿಯೂ ಇರುತ್ತಿರಲಿಲ್ಲ. ಆ ಹೆಸರಿಲ್ಲದವರ ಋಣ ನಮ್ಮ ಮೇಲಿದೆ.

ಉಳವಿ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಮುಂಡಗೋಡ ಇದೆ. ಸುಮಾರು 800 ವರ್ಷಗಳ ನಂತರ ಅದೇ ಜಿಲ್ಲೆಯ ಕಾಡು ಮತ್ತೊಂದು ನಿರಾಶ್ರಿತ ಜನರಿಗೆ ನೆಲೆ ಕೊಟ್ಟಿತು. ಅವರು ಟಿಬೆಟನ್ನರು. ಚಳಿಗಾಲ ಬಂದರೆ ಹುಬ್ಬಳ್ಳಿ, ಬೆಳಗಾವಿಯಲ್ಲಿ ಅವರ ಹತ್ತಿರ ಸ್ವೆಟರ್ ಕೊಳ್ಳುತ್ತೇವೆ, ಚೌಕಾಶಿ ಮಾಡುತ್ತೇವೆ. ಅವರು ಹೇಗೆ ಬಂದರು ಎಂದು ಕೇಳಿದವರು ಕಡಿಮೆ.

1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ಚೀನಾದ ವಿರುದ್ಧ ಎದ್ದರು. ಸೈನ್ಯ ಗುಂಡು ಹಾರಿಸಿತು. ದಲೈ ಲಾಮಾ ಅವರು ಮಾರ್ಚ್ 31ರಂದು ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಹಲವರು ದಾರಿಯಲ್ಲೇ ಮಕ್ಕಳನ್ನು ಕಳೆದುಕೊಂಡಿದ್ದರು. ಅಸ್ಸಾಮಿನ ಮಿಸಾಮಾರಿಯ ಶಿಬಿರದಲ್ಲಿ ಸೆಕೆಗೆ, ರೋಗಕ್ಕೆ ಅನೇಕರು ಸತ್ತರು. ಸುಮಾರು 1,500 ಭಿಕ್ಷುಗಳನ್ನು ಬಂಗಾಳದ ಬಕ್ಸಾದಲ್ಲಿ ಇರಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಂದೀಖಾನೆ ಅದು. ಅಲ್ಲಿ ಕ್ಷಯ ಹರಡಿತು. ಉಳಿದವರು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು.

ಆಗ ನೆಹರೂ ಅವರು ಜಮೀನು ಕೊಡಿ ಎಂದು ರಾಜ್ಯಗಳನ್ನು ಕೇಳಿದರು. ನಮ್ಮ ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರಲ್ಲಿ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ, ಮುಂದೆ 1964ರಲ್ಲಿ ಬಸವ ಸಮಿತಿ ಕಟ್ಟಿದವರು. 1966ರಲ್ಲಿ ಮುಂಡಗೋಡದ ವಸತಿ ಆರಂಭವಾದಾಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಹುಣಸೂರು, ಕೊಳ್ಳೇಗಾಲಗಳಲ್ಲೂ ವಸತಿಗಳಾದವು. ಇಂದು ನಮ್ಮ ರಾಜ್ಯದಲ್ಲಿ ಅಂಥ ಐದು ವಸತಿಗಳಿವೆ. 1968ರಲ್ಲಿ ಈ ಪುನರ್ವಸತಿ ಕೆಲಸಕ್ಕಾಗಿಯೇ ಹುಟ್ಟಿದ ಸಂಸ್ಥೆ ಮೈರಾಡ. ಇಂದು ನಮ್ಮ ತಾಯಂದಿರು ಸ್ವಸಹಾಯ ಸಂಘಗಳ ಕಾರಣಕ್ಕೆ ಅದರ ಹೆಸರು ಬಲ್ಲರು.

ಇದನ್ನು ನಮ್ಮ ಹೆಮ್ಮೆಗೆ ಹೇಳುತ್ತಿಲ್ಲ. ನೆಲ ಕೊಟ್ಟದ್ದು ಸರ್ಕಾರ. ಆ ನೆಲದ ಮೇಲೆ ಮುರಿದ ಮನಸ್ಸುಗಳನ್ನು ಮತ್ತೆ ಕಟ್ಟಿಕೊಂಡದ್ದು ಅವರೇ. ಅವರಿಂದ ನಾವು ಕಲಿಯಬೇಕಾದ ಮೂರು ಮಾತುಗಳಿವೆ.

ಮೊದಲನೆಯದು ಕಾಯಕ. ಬೈಲಕುಪ್ಪೆಗೆ ಬಂದಾಗ ಅವರಿಗೆ ಸಿಕ್ಕದ್ದು ಕಾಡು. ಮರ ಕಡಿದರು, ಬೇರು ಕಿತ್ತರು, ಬೆಳೆದ ಬೆಳೆಯನ್ನು ಆನೆಗಳು ತುಳಿದವು, ಮತ್ತೆ ಬಿತ್ತಿದರು. ದುಃಖಿಯನ್ನು ಕೂಡಿಸಿ ಉಣ್ಣಿಸುತ್ತಲೇ ಇದ್ದರೆ ಅವನು ಭಿಕ್ಷುಕನಾಗುತ್ತಾನೆ. ಕೆಲಸ ಕೊಟ್ಟರೆ ಮತ್ತೆ ಮನುಷ್ಯನಾಗುತ್ತಾನೆ. ಬಸವಣ್ಣನವರು ಕಾಯಕ ಮತ್ತು ದಾಸೋಹ ಎರಡನ್ನೂ ಜೊತೆಯಾಗಿ ಇಟ್ಟದ್ದು ಇದಕ್ಕೇ. ನಾವು ದಾಸೋಹವನ್ನು ಕೊಡುವವರ ಪುಣ್ಯ ಎಂದು ತಿಳಿದಿದ್ದೇವೆ. ಉಣ್ಣುವವನ ಕೈಗೂ ಕೆಲಸ ಇರಬೇಕು ಎಂಬುದನ್ನು ಮರೆತಿದ್ದೇವೆ.

ಎರಡನೆಯದು ಅವರ ಮಠ ಮತ್ತು ಅವರ ಭಾಷೆ. 1970ರ ಆಸುಪಾಸಿನಲ್ಲಿ ಬಕ್ಸಾದಿಂದ ಬಂದ ಭಿಕ್ಷುಗಳು ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳನ್ನು ಮುಂಡಗೋಡದಲ್ಲಿ, ಸೆರಾ ಮಠವನ್ನು ಬೈಲಕುಪ್ಪೆಯಲ್ಲಿ ಮತ್ತೆ ಆರಂಭಿಸಿದರು. ಮೊದಲು ಭಿಕ್ಷುಗಳೇ ಹೊಲದಲ್ಲಿ ದುಡಿದರು, ಆಮೇಲೆ ಓದಿದರು. ಸತ್ತವರಿಗಾಗಿ ಊರಿನವರೆಲ್ಲ ಸೇರಿ ಪ್ರಾರ್ಥನೆ ಮಾಡಲು ಒಂದು ಜಾಗ ಸಿಕ್ಕಿತು. ಹೆಣ ಕೂಡ ನೋಡದೆ ಓಡಿಬಂದವರಿಗೆ ಇದು ಎಷ್ಟು ದೊಡ್ಡದು ಎಂದು ಯೋಚಿಸಿ. ಮಕ್ಕಳಿಗಾಗಿ ಧರ್ಮಶಾಲೆಯಲ್ಲಿ 1960ರ ಮೇ ತಿಂಗಳಲ್ಲಿ, ರಸ್ತೆ ಕೆಲಸದ ಶಿಬಿರಗಳಿಂದ ಬಂದ 51 ಮಕ್ಕಳೊಂದಿಗೆ ಒಂದು ಆಶ್ರಯ ಶುರುವಾಯಿತು. ಅದೇ ಮುಂದೆ ಟಿಬೆಟನ್ ಮಕ್ಕಳ ಗ್ರಾಮವಾಯಿತು. ಅಲ್ಲಿ ಮಕ್ಕಳನ್ನು ಮನೆಗಳಾಗಿ ಹಂಚಿ ಪ್ರತಿ ಮನೆಗೂ ಒಬ್ಬ ತಾಯಿಯನ್ನು ಇಟ್ಟರು. ನಮ್ಮ ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳಿದ್ದಾರೆ, ಅನ್ನ ಇದೆ, ಅಕ್ಷರ ಇದೆ. ರಾತ್ರಿ ಬೆಚ್ಚಿಬಿದ್ದು ಅಳುವ ಮಗುವನ್ನು ಎತ್ತಿಕೊಳ್ಳುವ ತಾಯಿ ಇದ್ದಾಳೆಯೇ ಎಂದು ನಾವು ಕೇಳಿಕೊಳ್ಳಬೇಕು.

ಮೂರನೆಯದು ದ್ವೇಷದಿಂದ ಬಿಡುಗಡೆ. ದಲೈ ಲಾಮಾ ಅವರು ಹಲವು ಕಡೆ ಹೇಳಿದ ಪ್ರಸಂಗ ಇದು. ಅವರ ಮಠದ ಭಿಕ್ಷುವೊಬ್ಬರು 18 ವರ್ಷ ಚೀನಾದ ಸೆರೆಯಲ್ಲಿದ್ದು ಬಂದರು. ಅಲ್ಲಿ ಕೆಲವು ಸಲ ಅಪಾಯ ಎದುರಾಗಿತ್ತು ಎಂದರು. ಯಾವ ಅಪಾಯ ಎಂದು ಕೇಳಿದಾಗ, ಚೀನೀಯರ ಮೇಲಿನ ಕರುಣೆ ಕಳೆದುಕೊಳ್ಳುವ ಅಪಾಯ ಎಂದರಂತೆ. ಇದನ್ನು ಕೇಳಿ ನಾನು ಸುಮ್ಮನಾದೆ. ಆದರೆ ಒಂದು ಎಚ್ಚರ ಇರಲಿ. ಈ ಮಾತನ್ನು ಆ ಭಿಕ್ಷು ತಾನಾಗಿ ಹೇಳಬಹುದು. ನೊಂದವರ ಮುಂದೆ ಕುಳಿತು "ಕ್ಷಮಿಸಿಬಿಡು" ಎಂದು ಉಪದೇಶ ಮಾಡುವ ಹಕ್ಕು ನಮಗಿಲ್ಲ.

ಇದನ್ನು ನಾನು ತಪ್ಪು ಮಾಡಿ ಕಲಿತವನು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಊರುಗಳು ಮುಳುಗಿದವು. ಅದು ಯುದ್ಧವಲ್ಲ, ನಿಜ. ಆದರೆ ಮನೆ ಕಳೆದುಕೊಂಡವರ ಕಣ್ಣು ಎಲ್ಲ ಕಡೆ ಒಂದೇ ಥರ ಇರುತ್ತದೆ. ಪರಿಹಾರ ಕೇಂದ್ರದಲ್ಲಿ ನಾನು ಸ್ವಯಂಸೇವಕ. ದಾನಿಗಳು ಬಂದಿದ್ದರು. ಒಬ್ಬ ಅಜ್ಜಿಯನ್ನು ಕರೆದು, ಕೈಗೆ ಮೈಕ್ ಕೊಟ್ಟು, "ಏನೇನ್ ಹೋತು ಹೇಳಬೇ ಯವ್ವಾ" ಎಂದೆ. ಆಕೆ ಎರಡು ಮಾತು ಆಡಿ ನಡುಗತೊಡಗಿದಳು. ಅಂದು ರಾತ್ರಿ ಊಟ ಮುಟ್ಟಲಿಲ್ಲ. ಮರುದಿನ ಅವಳ ಊರಿನವಳೇ ಒಬ್ಬಾಕೆ ಬಂದು ಮೊರ ಮುಂದಿಟ್ಟು, "ಆಯೀ, ಸುಮ್ನ ಕುಂತ್ರ ಆಗೂದಿಲ್ಲ, ಇಷ್ಟು ಜ್ವಾಳ ಹಸನ ಮಾಡಿಕೊಡು" ಎಂದಳು. ಅಜ್ಜಿ ಮೊರ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಅವಳ ಜೊತೆ ಮಾತಾಡುತ್ತಿದ್ದಳು. ನಾನು ಮೈಕ್ ಕೊಟ್ಟೆ, ಆಕೆ ಮೊರ ಕೊಟ್ಟಳು. ದಾಸೋಹ ಯಾವುದು ಎಂದು ಅಂದು ತಿಳಿಯಿತು.

ಆಮೇಲೆ ಓದಿ ನೋಡಿದರೆ ಬಲ್ಲವರು ಹೇಳುವುದೂ ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಸೂತ್ರ: ನೋಡು, ಆಲಿಸು, ಜೋಡಿಸು. ನಡೆದದ್ದನ್ನು ಹೇಳು ಎಂದು ಒತ್ತಾಯಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2018ರಲ್ಲಿ ಲುಥೆರನ್ ಕ್ರೈಸ್ತರ ಜಾಗತಿಕ ಒಕ್ಕೂಟ ಮತ್ತು ಇಸ್ಲಾಮಿಕ್ ರಿಲೀಫ್ ಎಂಬ ಮುಸ್ಲಿಂ ಸೇವಾಸಂಸ್ಥೆ ಸೇರಿ, ಸಂತ್ರಸ್ತರ ನಂಬಿಕೆಯನ್ನು ಗೌರವಿಸಿ ಸೇವೆ ಮಾಡುವುದು ಹೇಗೆ ಎಂಬ ಮಾರ್ಗದರ್ಶಿ ತಂದವು. ಎರಡು ಬೇರೆ ಧರ್ಮದವರು ಒಟ್ಟಿಗೆ ಕೂತು ಇದನ್ನು ಬರೆದರು. ಅನುಭವ ಮಂಟಪದ ವಾರಸುದಾರರು ನಾವು ಅಂಥ ಪಂಕ್ತಿಯಲ್ಲಿ ಎಲ್ಲಿದ್ದೇವೆ?

ಇದು ದೂರದ ಮಾತಲ್ಲ. ಮಣಿಪುರದಲ್ಲಿ 2023ರ ಮೇ 3ರಿಂದ ಶುರುವಾದ ಹಿಂಸೆಯಲ್ಲಿ 60,000ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆ ನಾಡಿನ ಹುಡುಗ ಹುಡುಗಿಯರು ನಮ್ಮ ನಗರಗಳ ಹೋಟೆಲು, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ, ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರು ಮೈತೇಯಿಯೋ ಕುಕಿಯೋ, ಹಿಂದೂವೋ ಕ್ರೈಸ್ತರೋ ಎಂದು ನಮ್ಮ ದಾಸೋಹದ ಬಾಗಿಲಲ್ಲಿ ಕೇಳಬೇಕೇ? ಆ ಪ್ರಶ್ನೆಯನ್ನೇ ಕೇಳಬೇಡಿ ಎಂದ ಬಸವಣ್ಣನವರ ವಚನ ನಿಮ್ಮ ಮಕ್ಕಳಿಗೂ ಬಾಯಿಪಾಠ ಬರುತ್ತದೆ. ನಾನು ಹೇಳಬೇಕಿಲ್ಲ.

ಅಪ್ಪಗಳ ಸನ್ನಿಧಿಯಲ್ಲಿ ನಾಲ್ಕು ಬಿನ್ನಹ ಮಾಡಿ ಮುಗಿಸುತ್ತೇನೆ.

ಒಂದು, ಪ್ರತಿ ಮಠದ ಪ್ರಸಾದನಿಲಯದಲ್ಲಿ ಹಿಂಸೆಯಿಂದ ನೆಲೆ ಕಳೆದುಕೊಂಡ ಕುಟುಂಬಗಳ ಕೆಲವು ಮಕ್ಕಳಿಗೆ ಸ್ಥಳ ಇಡೋಣ. ಅವರಿಗೆ ದೀಕ್ಷೆಯ ಕರಾರು ಬೇಡ. ಸಂಜೆ ಅವರು ತಮ್ಮ ಪ್ರಾರ್ಥನೆ ಮಾಡಿಕೊಳ್ಳಲಿ. ಕೊಟ್ಟ ಅನ್ನಕ್ಕೆ ಬದಲಾಗಿ ಧರ್ಮ ಕೇಳಿದರೆ ಅದು ವ್ಯಾಪಾರ.

ಎರಡು, ಬಂದವರಿಗೆ ಮೊದಲ ವಾರದಲ್ಲೇ ಒಂದು ಕಾಯಕ ಹುಡುಕಿಕೊಡೋಣ. ಅಡುಗೆಮನೆಯಲ್ಲಾಗಲಿ, ತೋಟದಲ್ಲಾಗಲಿ, ಅವರು ಬಲ್ಲ ಕೆಲಸವಿರಲಿ.

ಮೂರು, ಅವರ ಫೋಟೋ, ವಿಡಿಯೋ ಬೇಡ. ದಾನಿಗಳ ಮುಂದೆ ನಿಲ್ಲಿಸುವುದು ಬೇಡವೇ ಬೇಡ.

ನಾಲ್ಕು, ಎಲ್ಲವೂ ಪೂಜೆಯಿಂದ ವಾಸಿಯಾಗುತ್ತದೆ ಎನ್ನಬಾರದು. ಟಿಬೆಟನ್ನರು ನಿದ್ದೆ ಬಾರದ, ಎದೆ ಹಾರುವ, ಸದಾ ಅಳು ಬರುವ ಸ್ಥಿತಿಯನ್ನು ಪ್ರಾಣವಾಯುವಿನ ತೊಂದರೆ ಎನ್ನುತ್ತಾರೆ. ನಮ್ಮವರು "ಅಂಜಿಕಿ ಹೊಕ್ಕೈತಿ" ಎನ್ನುತ್ತಾರೆ. ಹೆಸರು ಏನೇ ಇರಲಿ, ವಾರಗಟ್ಟಲೆ ಹೀಗಿದ್ದರೆ ವೈದ್ಯರ ಬಳಿ ಕರೆದೊಯ್ಯಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕರೆದೊಯ್ಯುವವರು, ಆಚೆ ಬೆಂಚಿನ ಮೇಲೆ ಕಾಯುವವರು, ತಿರುಗಿ ಮನೆಗೆ ಕರೆತರುವವರು ನಾವಾಗಬೇಕು. ಆ ಕಾಯುವಿಕೆಯೂ ಲಿಂಗಪೂಜೆಯೇ.

ಮುಂದಿನ ಸಲ ಉಳವಿಗೆ ಹೋದಾಗ ಚಕ್ಕಡಿಯಿಂದ ಇಳಿದು ಸ್ವಲ್ಪ ದೂರ ನಡೆಯಿರಿ. ಆ ಕಾಡಿನಲ್ಲಿ ಹಸಿದು ಬಂದ ನಮ್ಮ ಹಿರಿಯರಿಗೆ ಯಾರೋ ಬಾಗಿಲು ತೆರೆದಿದ್ದರು. ಇಂದು ತಟ್ಟುತ್ತಿರುವುದು ನಮ್ಮ ಬಾಗಿಲು.